ಗೋಡೆಯ ಸಾಕೆಟ್ ಯಾವ ಸ್ವಿಚ್‌ಗೆ ಸೇರಿದೆ? ಪ್ಯಾಕೆಟ್‌ನಲ್ಲೇ ಉತ್ತರವಿದೆ

ಗೋಡೆಯಲ್ಲೊಂದು ನೆಟ್‌ವರ್ಕ್ ಸಾಕೆಟ್. ಅದರ ಇನ್ನೊಂದು ತುದಿ ಯಾವ ಸ್ವಿಚ್‌ನ (ಕಂಪ್ಯೂಟರ್‌ಗಳನ್ನು ಕೇಬಲ್ ಮೂಲಕ ಒಂದಕ್ಕೊಂದು ಜೋಡಿಸುವ ಸಾಧನ) ಎಷ್ಟನೇ ಪೋರ್ಟ್‌ಗೆ (ಕೇಬಲ್ ಚುಚ್ಚುವ ಕಿಂಡಿ) ಹೋಗಿದೆ ಎಂದು ಯಾರಿಗೂ ನೆನಪಿಲ್ಲ. ಆಗ ರ್‍ಯಾಕ್ (ಸ್ವಿಚ್‌ಗಳನ್ನು ಜೋಡಿಸಿಟ್ಟ ಚೌಕಟ್ಟಿನ) ಮುಂದೆ ನಿಂತು ಕೇಬಲ್‌ಗಳನ್ನು ಒಂದೊಂದಾಗಿ ಕೀಳುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಯಾರದೋ ಕೆಲಸ ನಡುವೆ ನಿಂತುಹೋಗುತ್ತದೆ. ಸ್ವಿಚ್ಚೇ ತನ್ನ ಹೆಸರು, ಪೋರ್ಟ್ ಎರಡನ್ನೂ ಆಗಾಗ ಹೇಳುತ್ತಿರುತ್ತದೆ. ನಾವು ಕಿವಿಗೊಡಬೇಕು, ಅಷ್ಟೇ.

ಹೀಗೆ ಹೇಳಿಕೊಳ್ಳುವ ಪದ್ಧತಿಯ ಹೆಸರು ಎಲ್‌ಎಲ್‌ಡಿಪಿ. ಇದು ಎಲ್ಲ ಕಂಪನಿಗಳಿಗೂ ಸಾಮಾನ್ಯ. ಸಿಸ್ಕೊ ಸಾಧನಗಳಲ್ಲಿ ಸಿಡಿಪಿ ಎಂಬ ಸ್ವಂತ ಪದ್ಧತಿಯೂ ಇದೆ. ಎರಡನ್ನೂ ನೋಡಲು ವೈರ್‌ಶಾರ್ಕ್ ಸಾಕು. ಇದು ನೆಟ್‌ವರ್ಕ್‌ನಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ತುಣುಕುಗಳನ್ನು, ಬಿಚ್ಚಿ ತೋರಿಸುವ ಉಚಿತ ತಂತ್ರಾಂಶ.

ಮೊದಲು ನೆಟ್‌ವರ್ಕ್ ನೋಡಿಕೊಳ್ಳುವವರ ಅನುಮತಿ ಪಡೆಯಿರಿ. ನಂತರ ವೈರ್‌ಶಾರ್ಕ್ ಹಾಕಿಕೊಳ್ಳಿ. ವಿಂಡೋಸ್‌ನಲ್ಲಾದರೆ ಅದರ ಜೊತೆಗೆ ಬರುವ, ಪ್ಯಾಕೆಟ್ ಹಿಡಿದುಕೊಡುವ ಎನ್‌ಪಿಕ್ಯಾಪ್ ಕೂಡ ಬೇಕು. ಗೋಡೆಯ ಸಾಕೆಟ್‌ನಿಂದ ಲ್ಯಾಪ್‌ಟಾಪ್‌ಗೆ ಕೇಬಲ್ ಚುಚ್ಚಿ, ತೆರೆಯ ಮೇಲಿನ ಪಟ್ಟಿಯಲ್ಲಿ ಈಥರ್ನೆಟ್ ಮೇಲೆ ಎರಡು ಸಲ ಕ್ಲಿಕ್ ಮಾಡಿ. ವೈಫೈ ಆರಿಸಿದರೆ ಈ ಪ್ಯಾಕೆಟ್‌ಗಳು ಸಿಗುವುದಿಲ್ಲ.

ಪ್ಯಾಕೆಟ್‌ಗಳು ಮಳೆಯಂತೆ ಸುರಿಯತೊಡಗುತ್ತವೆ. ಗಾಬರಿ ಬೇಡ. ಮೇಲಿರುವ ಫಿಲ್ಟರ್ ಜಾಗದಲ್ಲಿ ಎಲ್‌ಎಲ್‌ಡಿಪಿ, ಸಿಡಿಪಿ ಎಂಬ ಎರಡು ಹೆಸರನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ. ನಡುವೆ ಎರಡು ನೇರ ಗೆರೆ ಹಾಕಿ (lldp || cdp), ಎಂಟರ್ ಒತ್ತಿ. ಪಟ್ಟಿ ಖಾಲಿಯಾಗುತ್ತದೆ. ಬಹಳ ಜನ ಕೈಬಿಡುವುದು ಇಲ್ಲೇ. ಎಲ್‌ಎಲ್‌ಡಿಪಿ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ, ಸಿಡಿಪಿ 60 ಸೆಕೆಂಡಿಗೊಮ್ಮೆ ಬರುತ್ತದೆ. ಎರಡು ನಿಮಿಷವಾದರೂ ಸುಮ್ನೆ ಕಾಯಿರಿ.

ಒಂದು ಸಾಲು ಬಂದ ಕೂಡಲೇ ಅದನ್ನು ಒತ್ತಿ, ಕೆಳಗಿನ ವಿವರ ಬಿಚ್ಚಿ ನೋಡಿ. ಸಿಸ್ಟಮ್ ನೇಮ್ (ಸಿಡಿಪಿಯಲ್ಲಾದರೆ ಡಿವೈಸ್ ಐಡಿ) ಎಂಬಲ್ಲಿ ಸ್ವಿಚ್‌ನ ಹೆಸರು, ಪೋರ್ಟ್ ಐಡಿಯಲ್ಲಿ ಪೋರ್ಟ್‌ನ ಗುರುತು ಇರುತ್ತದೆ. ವಿಎಲ್ಯಾನ್ (ಒಂದೇ ಸ್ವಿಚ್‌ನೊಳಗೆ ಬೇರ್ಪಡಿಸಿದ ನೆಟ್‌ವರ್ಕ್) ಸಂಖ್ಯೆ, ಸ್ವಿಚ್‌ನ ಐಪಿ ವಿಳಾಸವೂ ಸಿಗಬಹುದು. ಇದನ್ನು ನಂಬಬಹುದಾ? ಹೌದು. ನಿಯಮದ ಪ್ರಕಾರ ಸ್ವಿಚ್ ಈ ಪ್ಯಾಕೆಟ್ಟನ್ನು ಮುಂದಕ್ಕೆ ದಾಟಿಸುವಂತಿಲ್ಲ. ಹಾಗಾಗಿ ನಿಮಗೆ ಕಾಣುವುದು ಕೇಬಲ್‌ನ ಆಚೆ ತುದಿಯ ನೆರೆಯವನೇ. ಆದರೆ ಕೆಲವು ಅಗ್ಗದ ಸ್ವಿಚ್‌ಗಳು ನಿಯಮ ಪಾಲಿಸದೆ ದಾಟಿಸಿಬಿಡುತ್ತವೆ. ನಡುವೆ ಅಂಥದ್ದೊಂದು ಇದೆಯಾ ಎಂದು ನೋಡಿಕೊಳ್ಳಿ. ಮೇಜಿನ ಐಪಿ ಫೋನ್ ಮೂಲಕ ಕೇಬಲ್ ಬಂದಿದ್ದರೆ ಫೋನಿನ ಹೆಸರೇ ಕಾಣಬಹುದು.

ಐದು ನಿಮಿಷವಾದರೂ ಏನೂ ಬರಲಿಲ್ಲವಾ? ಹೆಚ್ಚಾಗಿ ಸ್ವಿಚ್‌ನಲ್ಲಿ ಎಲ್‌ಎಲ್‌ಡಿಪಿ ಆಫ್ ಆಗಿರುತ್ತದೆ. ಕೆಲವು ನೆಟ್‌ವರ್ಕ್ ಕಾರ್ಡ್‌ಗಳು ಈ ಪ್ಯಾಕೆಟ್ಟನ್ನು ತಾವೇ ಇಟ್ಟುಕೊಂಡು ಕಂಪ್ಯೂಟರ್‌ಗೆ ಕೊಡುವುದೇ ಇಲ್ಲ. ಬೇರೆ ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ನೋಡಿ.

ಇನ್ನೊಂದು ಮಾತು. ಇಷ್ಟೆಲ್ಲ ನೋಡಲು ನೀವು ಪಾಸ್‌ವರ್ಡ್ ಕೊಡಲೇ ಇಲ್ಲ, ಅಲ್ವಾ? ಆ ಸಾಕೆಟ್‌ಗೆ ಯಾರು ಕೇಬಲ್ ಚುಚ್ಚಿದರೂ ಇದೇ ಮಾಹಿತಿ ಸಿಗುತ್ತದೆ. ಹೊರಗಿನವರು ಓಡಾಡುವ ಜಾಗದ ಪೋರ್ಟ್‌ಗಳಲ್ಲಿ ಎಲ್‌ಎಲ್‌ಡಿಪಿ, ಸಿಡಿಪಿ ಎರಡನ್ನೂ ಆಫ್ ಮಾಡಿಸಿ.