ಗೋವಾದ ಹಸಿರು ನೀರಿಗೆ ಯಾವ ಕ್ಯಾಮೆರಾ?

ಮುಂಬಯಿ, ಪುಣೆಗಳಿಂದ ಗೋವಾಕ್ಕೆ ಬಂದು ಸ್ನಾರ್ಕೆಲಿಂಗ್ (ಉಸಿರು ಕೊಳವೆ ಕಚ್ಚಿ ನೀರಿನ ಮೇಲೆ ತೇಲುತ್ತಾ ಕೆಳಗೆ ನೋಡುವುದು) ಮಾಡುವವರಲ್ಲಿ ಹೆಚ್ಚಿನವರು ಇಳಿಯುವುದು ಗ್ರಾಂಡೆ ದ್ವೀಪದ ಸುತ್ತಲಿನ ನೀರಿಗೆ. ವಾಸ್ಕೊ ಕಡೆಯ ಸಮುದ್ರದಲ್ಲಿರುವ ಈ ದ್ವೀಪದ ಬಳಿ ನೀರು ಅಂಡಮಾನಿನ ಹಾಗೆ ನೀಲಿಯಲ್ಲ, ಹಸಿರು. ಮಾಂಡವಿ, ಜುವಾರಿ ಎರಡೂ ನದಿಗಳು ಹೂಳು ಹೊತ್ತು ತಂದು ಹತ್ತಿರದಲ್ಲೇ ಸಮುದ್ರ ಸೇರುತ್ತವೆ. ಒಳ್ಳೆಯ ದಿನ ಐದಾರು ಮೀಟರ್ ದೂರದವರೆಗೆ ಕಾಣುತ್ತದೆ. ಕೆಟ್ಟ ದಿನ ಚಾಚಿದ ಕೈಯ ಬೆರಳೂ ಮಸುಕು. ಅಂಗಡಿಯ ಟಿವಿಯಲ್ಲಿ ಮಾಲ್ದೀವ್ಸಿನ ವಿಡಿಯೊ ನೋಡಿ ಕ್ಯಾಮೆರಾ ಕೊಂಡವರಿಗೆ ಇಲ್ಲಿ ನಿರಾಸೆಯಾಗುವುದು ಇದರಿಂದಲೇ. ಈ ನೀರಿಗಾಗಿ 8ಕೆ, ಮೆಗಾಪಿಕ್ಸೆಲ್ ಎಂದು ದುಡ್ಡು ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಬೇಕಾದದ್ದು ಎರಡೇ: ನೀರು ಒಳಗೆ ಬಿಡದ ಸೀಲು, ಹತ್ತಿರದಿಂದ ಚೆನ್ನಾಗಿ ತೆಗೆಯುವ ಲೆನ್ಸು.

ಕೊಳ್ಳುವ ಮೊದಲು ಇನ್ನೊಂದು ಲೆಕ್ಕ. ಇದೊಂದೇ ಪ್ರವಾಸ, ಮುಂದಿನ ಎರಡು ವರ್ಷ ಸಮುದ್ರದ ಕಡೆ ತಲೆ ಹಾಕುವುದಿಲ್ಲ ಎನ್ನುವವರು ಕ್ಯಾಮೆರಾ ಕೊಳ್ಳಲೇಬೇಕಾಗಿಲ್ಲ. ಗೋವಾದ ಎಷ್ಟೋ ಡೈವ್ ಪ್ಯಾಕೇಜುಗಳಲ್ಲಿ ಫೋಟೊ, ವಿಡಿಯೊ ಸೇರಿರುತ್ತದೆ. ಬುಕ್ ಮಾಡುವಾಗಲೇ ಎರಡು ಮಾತು ಕೇಳಿಕೊಳ್ಳಿ: ಎಷ್ಟು ನಿಮಿಷದ ವಿಡಿಯೊ, ಮತ್ತು ಮೂಲ ಫೈಲ್ ಕೊಡುತ್ತೀರಾ? ವಾಟ್ಸ್‌ಆ್ಯಪಿನಲ್ಲಿ ವಿಡಿಯೊವಾಗಿ ಕಳಿಸಿದರೆ ಅದು ಕುಗ್ಗಿ ಹೋಗುತ್ತದೆ. ಮೊದಲೇ ಮಬ್ಬಾದ ನೀರು ಪೂರ್ತಿ ಗಂಜಿಯಾಗಿ ಕಾಣುತ್ತದೆ. ಫೋನಿಗೆ ನೇರ ಸಿಕ್ಕಿಸುವ ಒಂದು ಓಟಿಜಿ ಪೆನ್‌ಡ್ರೈವ್ ಜೊತೆಗೆ ಒಯ್ದು ದಡದಲ್ಲೇ ಕಾಪಿ ಮಾಡಿಸಿಕೊಳ್ಳಿ. ಮೊದಲ ಸಲ ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ ಆಳಕ್ಕಿಳಿಯುವ ಡೈವ್) ಮಾಡುವವರಂತೂ ಸ್ವಂತ ಕ್ಯಾಮೆರಾ ಹಿಡಿದು ಇಳಿಯಲೇ ಕೂಡದು. ಇಳಿಯುತ್ತಾ ಹೋದಂತೆ ಮೂಗು ಹಿಡಿದು ಕಿವಿಯ ಒತ್ತಡ ಸರಿಮಾಡಿಕೊಳ್ಳಲು ಒಂದು ಕೈ ಸದಾ ಬಿಡುವಾಗಿರಬೇಕು.

ಆಳ ಎಷ್ಟು?

ನೀರಿನಲ್ಲಿ ಪ್ರತಿ 10 ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು ಏರುತ್ತದೆ. 10 ಮೀಟರ್ ಕೆಳಗೆ ಕ್ಯಾಮೆರಾದ ಬಾಗಿಲಿನ ಮೇಲೆ ಬೀಳುವುದು ದಡದಲ್ಲಿದ್ದದ್ದರ ಎರಡರಷ್ಟು. ಡಬ್ಬಿಯ ಮೇಲೆ ಬರೆದ ಅಂಕಿ ನಿಂತ ನೀರಿನ ಲೆಕ್ಕ. ದೋಣಿಯಿಂದ ಕ್ಯಾಮೆರಾ ಹಿಡಿದು ಧುಮುಕಿದಾಗ ಒಂದು ಕ್ಷಣಕ್ಕೆ ಬೀಳುವ ಏಟು ಆ ಅಂಕಿಯಲ್ಲಿ ಇಲ್ಲ. ಹಾಗಾಗಿ ಬರೆದ ಆಳದ ಮುಕ್ಕಾಲು ಭಾಗವನ್ನೇ ನಿಮ್ಮ ಮಿತಿ ಎಂದುಕೊಳ್ಳಿ.

ಸ್ನಾರ್ಕೆಲಿಂಗ್ ಮೇಲೆ ತೇಲುವ ಆಟ. ಉಸಿರು ಹಿಡಿದು ಮುಳುಗಿದರೂ ಮೂರು ನಾಲ್ಕು ಮೀಟರ್. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ನಿಯಮದಲ್ಲಿ ತರಬೇತಿಯಿಲ್ಲದವರ ಪರಿಚಯ ಡೈವಿಗೆ 12 ಮೀಟರ್ ಮಿತಿ, ಓಪನ್ ವಾಟರ್ ಎಂಬ ಮೊದಲ ಹಂತದ ಕೋರ್ಸ್ ಮುಗಿಸಿದವರಿಗೆ 18. ಇವುಗಳಲ್ಲಿ ನಿಮ್ಮದು ಯಾವುದು ಎಂದು ತೀರ್ಮಾನಿಸಿದರೆ ಅರ್ಧ ಆಯ್ಕೆ ಮುಗಿಯಿತು.

ಕೈಯಲ್ಲಿರುವ ಫೋನ್ ಐಪಿ68 (ನೀರು, ದೂಳು ತಡೆಯುವ ಗುರುತು) ಎಂದು ಧೈರ್ಯ ಮಾಡುವವರು ಬಹಳ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಉಪ್ಪುನೀರು ಚಾರ್ಜಿಂಗ್ ರಂಧ್ರದ ಲೋಹವನ್ನು ತಿನ್ನುತ್ತದೆ, ವಾರಂಟಿಯೂ ಸಿಗುವುದಿಲ್ಲ. ನಾಲ್ಕೈದು ನೂರು ರೂಪಾಯಿಯ ಪ್ಲಾಸ್ಟಿಕ್ ಪೌಚ್ ಬೀಚಿನ ಮರಳಿಗೆ, ದೋಣಿಯ ತುಂತುರಿಗೆ ಸಾಕು. ನೀರೊಳಗೆ ಟಚ್‌ಸ್ಕ್ರೀನ್ ಬೆರಳಿಗೆ ಸ್ಪಂದಿಸುವುದಿಲ್ಲ. ದಡದಲ್ಲೇ ಕ್ಯಾಮೆರಾ ತೆರೆದು, ವಾಲ್ಯೂಮ್ ಬಟನ್ನಿನಿಂದಲೇ ತೆಗೆಯಬೇಕು. ಸೊಂಟದಷ್ಟು ನೀರಿನಾಚೆಗೆ ಪೌಚನ್ನು ನಂಬಬೇಡಿ.

ಕೊಳ್ಳುವ ಆಯ್ಕೆಗಳು

ಬಹುಪಾಲು ಜನರಿಗೆ ಆ್ಯಕ್ಷನ್ ಕ್ಯಾಮೆರಾ, ಅಂದರೆ ಅಂಗೈಯಗಲದ ಗಟ್ಟಿ ವಿಡಿಯೊ ಕ್ಯಾಮೆರಾ, ಸರಿ. ಹೊಸ ಮಾಡೆಲ್ ಬಂದೊಡನೆ ಹಿಂದಿನ ಮಾಡೆಲಿನ ಬೆಲೆ ಇಳಿಯುತ್ತದೆ, ನೀರೊಳಗಿನ ಚಿತ್ರದಲ್ಲಿ ಅಂಥ ಅಂತರ ಇರುವುದಿಲ್ಲ. ಒಂದು ತಲೆಮಾರು ಹಿಂದಿನದನ್ನೇ ಕೊಂಡು, ಉಳಿದ ದುಡ್ಡನ್ನು ಹೌಸಿಂಗಿಗೆ ಹಾಕಿ. ಹೌಸಿಂಗ್ ಅಂದರೆ ಕ್ಯಾಮೆರಾವನ್ನು ಪೂರ್ತಿ ಮುಚ್ಚುವ ಗಟ್ಟಿ ಪಾರದರ್ಶಕ ಡಬ್ಬಿ.

ಗೋಪ್ರೊ ಹೀರೊ ಬ್ಲ್ಯಾಕ್ ಮಾಡೆಲುಗಳು ಹೌಸಿಂಗ್ ಇಲ್ಲದೆ 10 ಮೀಟರ್ ತಡೆಯುತ್ತವೆ. 2024ರಲ್ಲಿ ಬಂದ ಪುಟ್ಟ ‘ಹೀರೊ’ ಬೇರೆಯದೇ; ಅದರ ಮಿತಿ 5 ಮೀಟರ್ ಮಾತ್ರ, ಬ್ಯಾಟರಿಯನ್ನೂ ಬದಲಿಸಲಾಗದು. ಹೆಸರು ಒಂದೇ ಥರ ಇರುವುದರಿಂದ ಬೆಲೆ ಕಡಿಮೆ ಎಂದು ಕೊಂಡು ಸ್ಕೂಬಾಕ್ಕೆ ಒಯ್ದೀರಿ, ಜೋಕೆ. ಡಿಜೆಐ ಓಸ್ಮೋ ಆ್ಯಕ್ಷನ್ 4 ತಡೆಯುವುದು 18 ಮೀಟರ್, ಆ್ಯಕ್ಷನ್ 5 ಪ್ರೊ 20 ಮೀಟರ್. ಬರೀ ಸ್ನಾರ್ಕೆಲಿಂಗ್ ಆದರೆ ಇವುಗಳಲ್ಲಿ ಯಾವುದಕ್ಕೂ ಹೌಸಿಂಗ್ ಬೇಕಿಲ್ಲ. ಸ್ಕೂಬಾ ಎಂದಾದರೆ ಎಲ್ಲಕ್ಕೂ ಬೇಕು, ಆ್ಯಕ್ಷನ್ 4ಕ್ಕೂ. 18 ಮೀಟರಿನ ಡೈವಿಗೆ 18 ಮೀಟರಿನ ಕ್ಯಾಮೆರಾ ಅಂದರೆ ಕೂದಲೆಳೆಯಷ್ಟೂ ಅಂತರ ಉಳಿಯಲಿಲ್ಲ. ಗೋಪ್ರೊ, ಡಿಜೆಐ ಎರಡೂ ಕಂಪನಿಗಳ ಸ್ವಂತ ಹೌಸಿಂಗುಗಳು 60 ಮೀಟರಿನವರೆಗೆ ತಡೆಯುತ್ತವೆ. ಹೌಸಿಂಗ್ ಇದ್ದರೆ ಲೆನ್ಸಿನ ಗಾಜಿಗೆ ಬಂಡೆಯ ಗೀರೂ ಬೀಳುವುದಿಲ್ಲ.

ಇನ್ನೊಂದು ದಾರಿ ನೀರು ತಡೆಯುವ ಪುಟ್ಟ ಫೋಟೊ ಕ್ಯಾಮೆರಾ: ಒಲಿಂಪಸ್ ಟಿಜಿ-6, ಅಥವಾ ಓಎಂ ಸಿಸ್ಟಮ್ ಹೆಸರಿನಲ್ಲಿ 2023ರಲ್ಲಿ ಬಂದ ಟಿಜಿ-7. ಹಳೆಯ ಆ್ಯಕ್ಷನ್ ಕ್ಯಾಮೆರಾಗಳಿಗಿಂತ ದುಬಾರಿ, 15 ಮೀಟರ್ ತಡೆಯುತ್ತವೆ. ಗೋವಾದಂಥ ಕಲಕು ನೀರಿನಲ್ಲಿ ಫೋಟೊ ಮುಖ್ಯ ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ಈ ಬೆಲೆಯ ಆಸುಪಾಸಿನಲ್ಲಿ ಇಲ್ಲ. ಕಾರಣ ಸರಳ. ನೀರು ಮಬ್ಬಾಗುವುದು ಅದರಲ್ಲಿ ತೇಲುವ ಕಣಗಳಿಂದ. ಲೆನ್ಸಿಗೂ ವಸ್ತುವಿಗೂ ನಡುವೆ ನೀರು ಕಡಿಮೆಯಿದ್ದಷ್ಟೂ ಕಣ ಕಡಿಮೆ. ಟಿಜಿಯ ಮೈಕ್ರೊಸ್ಕೋಪ್ ಮೋಡಿನಲ್ಲಿ ವಸ್ತು ಲೆನ್ಸಿನಿಂದ 1 ಸೆಂಟಿಮೀಟರಿನಲ್ಲಿದ್ದರೂ ಫೋಕಸ್ ಸಿಗುತ್ತದೆ. ಬಂಡೆಗೆ ಅಂಟಿದ ಹೆಬ್ಬೆರಳಿಗಿಂತ ಚಿಕ್ಕ ಸಮುದ್ರ ಗೊಂಡೆಹುಳ, ಏಡಿಯ ಕಣ್ಣು, ಹವಳದ ಬಾಯಿ, ಎಲ್ಲವೂ ಕೆಟ್ಟ ನೀರಿನ ದಿನವೂ ಸ್ಪಷ್ಟ. ಆ್ಯಕ್ಷನ್ ಕ್ಯಾಮೆರಾವನ್ನು ಅಷ್ಟು ಹತ್ತಿರ ಹಿಡಿದರೆ ಮಸುಕೇ ಸಿಗುತ್ತದೆ. ಅದಕ್ಕೆ ಅರ್ಧ ಮೀಟರಿನಿಂದ ಒಂದು ಮೀಟರ್ ಹದವಾದ ದೂರ.

ಸೆಕೆಂಡ್ ಹ್ಯಾಂಡ್ ಆದರೆ ಮುಂಬಯಿ ಫೋರ್ಟಿನ ಬೋರಾ ಬಜಾರಿನ ಕ್ಯಾಮೆರಾ ಅಂಗಡಿಗಳಲ್ಲಿ ಕೈಯಲ್ಲಿ ಹಿಡಿದು ನೋಡಿ ಕೊಳ್ಳಿ. ಬ್ಯಾಟರಿ ಬಾಗಿಲು ತೆಗೆದು ಒಳಗಿನ ಲೋಹದ ತುದಿಗಳನ್ನು ಮೊಬೈಲ್ ಟಾರ್ಚಿನಲ್ಲಿ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಒಮ್ಮೆ ನೀರು ಹೊಕ್ಕಿದೆ ಎಂದೇ ಅರ್ಥ, ಬೆಲೆ ಎಷ್ಟೇ ಇಳಿಸಿದರೂ ಬೇಡ. ಬಾಗಿಲಿನ ರಬ್ಬರ್ ಬಿರುಕು ಬಿಟ್ಟಿದ್ದರೆ ಹೊಸ ಬಾಗಿಲಿನ ಬೆಲೆ ಕಳೆದು ಚೌಕಾಶಿ ಮಾಡಿ. ಚಾರ್ಜಿಂಗ್ ಕೇಬಲ್ಲಿಗೆಂದು ತೂತು ಬಿಟ್ಟ ಬಾಗಿಲುಗಳೂ ಸಿಗುತ್ತವೆ. ಅದನ್ನು ಹಾಕಿಕೊಂಡು ನೀರಿಗಿಳಿದರೆ ಕ್ಯಾಮೆರಾ ಅಲ್ಲೇ ಮುಗಿಯಿತು.

ಜೊತೆಗೆ ಬೇಕಾದವು: ವಿ30 ಗುರುತಿನ (4ಕೆ ವಿಡಿಯೊ ಬರೆಯುವಷ್ಟು ವೇಗದ) 64 ಅಥವಾ 128 ಜಿಬಿ ಕಾರ್ಡ್. 4ಕೆ ವಿಡಿಯೊ ಸೆಕೆಂಡಿಗೆ 60 ಮೆಗಾಬಿಟ್ ಲೆಕ್ಕದಲ್ಲಿ ತಾಸಿಗೆ 27 ಜಿಬಿ ತಿನ್ನುತ್ತದೆ. ಇನ್ನೊಂದು ಬ್ಯಾಟರಿ ಇರಲಿ. ವಿಮಾನದಲ್ಲಿ ಬಿಡಿ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಸ್ನಾರ್ಕೆಲಿಂಗಿಗೆ ಕಿತ್ತಳೆ ಬಣ್ಣದ ತೇಲುವ ಹಿಡಿ, ಏಕೆಂದರೆ ಕೈಜಾರಿದ ಕ್ಯಾಮೆರಾ ಕಲ್ಲಿನ ಹಾಗೆ ಮುಳುಗುತ್ತದೆ, ಹಸಿರು ನೀರಿನಲ್ಲಿ ಮತ್ತೆ ಕಾಣುವುದಿಲ್ಲ. ಸ್ಕೂಬಾದಲ್ಲಿ ಆ ಹಿಡಿ ಬೇಡ. ಕೈಯನ್ನು ಮೇಲಕ್ಕೆ ಎಳೆಯುತ್ತಲೇ ಇರುತ್ತದೆ. ಮಣಿಕಟ್ಟಿಗೆ ದಾರ ಸಾಕು.

ಕೆಂಪು ಫಿಲ್ಟರ್ ಮಾರುವವರು ಬಹಳ. ನೀರು ಮೊದಲು ನುಂಗುವುದು ಕೆಂಪು ಬೆಳಕನ್ನು. ಐದು ಮೀಟರ್ ದಾಟಿದರೆ ರಕ್ತವೂ ಕಂದು. ನೀಲಿ ನೀರಿನಲ್ಲಿ ಕೆಂಪು ಫಿಲ್ಟರ್ ಅದನ್ನು ಸ್ವಲ್ಪ ಸರಿದೂಗಿಸುತ್ತದೆ. ಗೋವಾದ ಹಸಿರು ನೀರಿಗೆ ಬೇಕಾದದ್ದು ಮೆಜೆಂಟಾ, ಅಂದರೆ ಕಡು ಗುಲಾಬಿ ಫಿಲ್ಟರ್. ಎರಡೂ ಬೆಳಕನ್ನು ಕಡಿಮೆ ಮಾಡುವುದರಿಂದ ಮೋಡದ ದಿನ ತೆಗೆದಿಡಿ.

ಸೀಲು, ಓ-ರಿಂಗು

ಕ್ಯಾಮೆರಾಗಳು ಸಾಯುವುದು ಆಳದಿಂದಲ್ಲ, ಹೆಚ್ಚಾಗಿ ಒಂದು ಕೂದಲಿನಿಂದ. ಬಾಗಿಲಿನ ಅಂಚಿನ ತೋಡಿನಲ್ಲಿ ಕೂರುವ ರಬ್ಬರ್ ಬಳೆ ಓ-ರಿಂಗು. ಒತ್ತಡ ಹೆಚ್ಚಿದಷ್ಟೂ ಅದು ಪ್ಲಾಸ್ಟಿಕ್ಕಿಗೆ ಬಿಗಿಯಾಗಿ ಒತ್ತಿಕೊಳ್ಳುತ್ತದೆ. ನಡುವೆ ಒಂದು ಮರಳಿನ ಕಾಳು, ಟವೆಲಿನ ಎಳೆ, ಒಂದು ಕೂದಲು ಅಡ್ಡ ಬಿದ್ದಿದ್ದರೆ ಅದರ ಎರಡೂ ಬದಿಯಲ್ಲಿ ಸೂಜಿಮೊನೆಯಷ್ಟು ಸಂದು ಉಳಿಯುತ್ತದೆ. ನೀರಿಗೆ ಅಷ್ಟು ಸಾಕು. ಮೊದಲ ಎರಡು ಮೀಟರಿನಲ್ಲಿ, ರಬ್ಬರ್ ಇನ್ನೂ ಬಿಗಿಯಾಗದಿರುವಾಗಲೇ ಹೆಚ್ಚಾಗಿ ಸೋರುತ್ತದೆ.

ಹೊಸ ಹೌಸಿಂಗನ್ನು ಮನೆಯಲ್ಲೇ ಪರೀಕ್ಷಿಸಿ. ಕ್ಯಾಮೆರಾ ಹೊರಗಿಟ್ಟು, ಒಳಗೆ ಒಣ ಟಿಶ್ಯೂ ಪೇಪರ್ ಮಡಿಸಿಟ್ಟು ಮುಚ್ಚಿ. ಬಕೆಟ್ ನೀರಿನಲ್ಲಿ ಭಾರ ಇಟ್ಟು ಅರ್ಧ ತಾಸು ಮುಳುಗಿಸಿ. ಮುಳುಗಿಸುವಾಗ ಒಂದೇ ಜಾಗದಿಂದ ಸಾಲಾಗಿ ಗುಳ್ಳೆ ಬಂದರೆ ಅಲ್ಲೇ ಸೋರಿಕೆ. ತೆಗೆದು, ಹೊರಗೆ ಒರೆಸಿ, ತೆರೆದು ನೋಡಿ. ಟಿಶ್ಯೂವಿನ ಮೂಲೆ ಒದ್ದೆಯಾಗಿದ್ದರೂ ಆ ಹೌಸಿಂಗ್ ವಾಪಸ್.

ಸಮುದ್ರಕ್ಕೆ ಹೋಗುವ ಹಿಂದಿನ ರಾತ್ರಿಯೇ, ಹೋಟೆಲಿನ ಎಸಿ ಕೋಣೆಯಲ್ಲಿ ಕ್ಯಾಮೆರಾ ಮುಚ್ಚಿ. ಗೋವಾದ ಹೊರಗಾಳಿಯಲ್ಲಿ ತೇವ ಹೆಚ್ಚು. ಅದನ್ನು ಒಳಗೆ ಹಾಕಿ ಮುಚ್ಚಿದರೆ ನೀರಿನಲ್ಲಿ ಗಾಜು ತಣ್ಣಗಾದೊಡನೆ ಆ ತೇವ ಲೆನ್ಸಿನ ಮುಂದೆ ಮಂಜಾಗಿ ಕೂರುತ್ತದೆ. ಚಿಕ್ಕ ಆ್ಯಂಟಿಫಾಗ್ ಪಟ್ಟಿಯೊಂದನ್ನು ಹೌಸಿಂಗಿನೊಳಗೆ ಸೇರಿಸಿ, ಆದರೆ ಅದರ ತುದಿ ಓ-ರಿಂಗಿಗೆ ತಾಗಬಾರದು. ರಿಂಗನ್ನು ಪಿನ್ನಿನಿಂದ ಎಬ್ಬಿಸಬೇಡಿ, ಬೆರಳಿನಿಂದ ಅಥವಾ ಹಳೆಯ ಎಟಿಎಂ ಕಾರ್ಡಿನ ಮೂಲೆಯಿಂದ ತೆಗೆಯಿರಿ. ಬೆಳಕಿಗೆ ಹಿಡಿದು ಬೆರಳುಗಳ ನಡುವೆ ಒಂದು ಸುತ್ತು ಜಾರಿಸಿ. ಕಣ್ಣಿಗೆ ಕಾಣದ ಮರಳು ಬೆರಳಿಗೆ ಸಿಗುತ್ತದೆ. ಕಂಪನಿ ಗ್ರೀಸ್ ಕೊಟ್ಟಿದ್ದರೆ ಮಾತ್ರ ಹೊಳಪು ಬರುವಷ್ಟು ಸವರಿ. ವ್ಯಾಸಲೀನ್, ಕೊಬ್ಬರಿ ಎಣ್ಣೆ ಹಚ್ಚಿದರೆ ರಬ್ಬರ್ ಹಾಳಾಗುತ್ತದೆ.

ನೀರಿನಲ್ಲಿ

ಇಳಿಯುವ ಮುಂಚೆಯೇ ವಿಡಿಯೊವನ್ನು 4ಕೆ 30 ಅಥವಾ 1080ಪಿ 60ಕ್ಕೆ (ಎರಡನೆಯ ಅಂಕಿ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು) ಹೊಂದಿಸಿ, ಗರಿಷ್ಠ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 800ಕ್ಕೆ ಕಟ್ಟಿಹಾಕಿ, ಸ್ಕ್ರೀನ್ ಲಾಕ್ ಮಾಡಿ. ನೀರು ತಾಗಿ ಸ್ಕ್ರೀನ್ ತಾನಾಗಿ ಮೋಡ್ ಬದಲಿಸುವುದುಂಟು. ಕ್ಯಾಮೆರಾದ ಸ್ವಂತ ಫ್ಲ್ಯಾಶ್ ಆಫ್ ಇರಲಿ. ಹೂಳಿನ ಕಣಗಳಿಗೆ ಬೆಳಕು ಬಡಿದು ಫೋಟೊ ತುಂಬ ಬಿಳಿ ಚುಕ್ಕೆ ಬೀಳುತ್ತದೆ. ಬೆಳಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಸೂರ್ಯ ನೆತ್ತಿಯ ಮೇಲಿದ್ದು ಬೆಳಕು ಆಳಕ್ಕಿಳಿಯುತ್ತದೆ. ಮೇಲಿನಿಂದ ಕೆಳಗೆ ತೆಗೆದ ಮೀನು ಬಂಡೆಯ ಬಣ್ಣದಲ್ಲೇ ಕರಗಿ ಹೋಗುತ್ತದೆ. ಅದರ ಮಟ್ಟಕ್ಕೆ ಇಳಿದು ಅಡ್ಡದಿಂದ ತೆಗೆಯಿರಿ. ಬೆನ್ನಟ್ಟಬೇಡಿ. ಹವಳ ಮುಟ್ಟದೆ, ಕಾಲಾಡಿಸಿ ಹೂಳೆಬ್ಬಿಸದೆ ಒಂದೆಡೆ ತೇಲುತ್ತಿದ್ದರೆ ಮೀನೇ ಹತ್ತಿರ ಬರುತ್ತದೆ. ಒಂದೊಂದು ಶಾಟ್ ಕನಿಷ್ಠ ಹತ್ತು ಸೆಕೆಂಡ್ ಅಲ್ಲಾಡದೆ ಹಿಡಿಯಿರಿ.

ಸ್ಪಷ್ಟ ನೀರೇ ಬೇಕೆಂದರೆ ಮಡಗಾಂವಿನಿಂದ ಕೊಂಕಣ ರೈಲು ಹಿಡಿದು ಮುರುಡೇಶ್ವರಕ್ಕೆ ಇಳಿಯಿರಿ. ಅಲ್ಲಿಂದ ದೋಣಿಯಲ್ಲಿ ಹೋಗುವ ನೇತ್ರಾಣಿ ದ್ವೀಪದ ನೀರು ಗ್ರಾಂಡೆಗಿಂತ ಸಾಮಾನ್ಯವಾಗಿ ತಿಳಿ.

ಮೇಲೆ ಬಂದ ಮೇಲೆ

ದೋಣಿಯ ಮೇಲೆ, ಒದ್ದೆ ಕೈಯಲ್ಲಿ ಬಾಗಿಲು ತೆರೆಯಬೇಡಿ. ಕೋಣೆಗೆ ಬಂದು ಮುಚ್ಚಿದ ಹಾಗೆಯೇ ಸಿಹಿನೀರಿನಲ್ಲಿ ಅರ್ಧ ತಾಸು ನೆನೆಸಿ, ನೀರೊಳಗೇ ಪ್ರತಿ ಬಟನ್ ಹತ್ತು ಹದಿನೈದು ಸಲ ಒತ್ತಿ. ಬಟನ್ನಿನ ಬುಡದಲ್ಲಿ ಉಪ್ಪು ಒಣಗಿ ಹರಳಾದರೆ ಮುಂದಿನ ಸಲ ಅದೇ ಸೀಲನ್ನು ಕೆರೆಯುತ್ತದೆ. ನೆರಳಲ್ಲಿ ಒಣಗಿಸಿ ಆಮೇಲೆ ತೆರೆಯಿರಿ.

ಒಳಗೆ ಉಪ್ಪುನೀರು ಹೋಗಿದ್ದರೆ ಆನ್ ಮಾಡಿ ನೋಡುವ ಆಸೆ ಬೇಡ. ಬ್ಯಾಟರಿ ತೆಗೆದು ದೂರ ಇಡಿ, ಅದನ್ನು ಮತ್ತೆ ಚಾರ್ಜ್ ಮಾಡಬೇಡಿ. ಬ್ಯಾಟರಿ ಗೂಡನ್ನು ಶುದ್ಧ ಸಿಹಿನೀರಿನಲ್ಲಿ ಅಲುಬಿ, ಒಣಗಿಸಿ, ಆದಷ್ಟು ಬೇಗ ರಿಪೇರಿಗೆ ಕೊಡಿ. ಅಕ್ಕಿ ಡಬ್ಬದಲ್ಲಿ ಹೂತಿಟ್ಟರೆ ನೀರು ಆರಬಹುದು, ಉಪ್ಪು ಅಲ್ಲೇ ಉಳಿಯುತ್ತದೆ.

ಮಳೆಗಾಲದಲ್ಲಿ ಡೈವಿಂಗ್ ನಿಲ್ಲುತ್ತದೆ, ಮುಂಬಯಿಯ ತೇವಕ್ಕೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಓ-ರಿಂಗನ್ನು ತೋಡಿನಿಂದ ತೆಗೆದು ಬೇರೆ ಚೀಲದಲ್ಲಿ ಹಾಕಿ, ಬ್ಯಾಟರಿ ಅರ್ಧ ಚಾರ್ಜಿನಲ್ಲಿಟ್ಟು, ಎಲ್ಲವನ್ನೂ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಮುಚ್ಚಿಡಿ. ಅಕ್ಟೋಬರಿನಲ್ಲಿ ಹೊರತೆಗೆದಾಗ ಮತ್ತೆ ಬಕೆಟ್ಟು, ಮತ್ತೆ ಟಿಶ್ಯೂ.