ಟಾಯ್ ಸ್ಟೋರಿಗೆ ಇನ್ನೊಂದು ಭಾಗ ಬೇಕಾ? ಮನೆಯಲ್ಲೇ ಅಳತೆ ತೆಗೆಯುವ ಬಗೆ

ಸ್ಕೂಲ್ ಯೂನಿಫಾರ್ಮಿನ ಲಂಗ ಹೊಲಿಯುವಾಗ ಕೆಳಗೆ ಮೂರು ಇಂಚು ಬಟ್ಟೆ ಒಳಕ್ಕೆ ಮಡಚಿ ಹೆಮ್ಮಿಂಗ್ ಹಾಕುತ್ತೇನೆ. ಮುಂದಿನ ವರ್ಷ ಮಗು ಉದ್ದ ಆದಾಗ ಬಿಚ್ಚಿ ಇಳಿಸಬಹುದು. ಕ್ಯಾತ್ಸಂದ್ರದಲ್ಲಿ ಹದಿನೆಂಟು ವರ್ಷದಿಂದ ಟೈಲರಿಂಗ್ ಮಾಡುತ್ತಿದ್ದೇನೆ. ಆಲ್ಟರೇಷನ್‌ಗೆ ಯಾರು ಏನೇ ತಂದರೂ ಮೊದಲು ಟೇಪು ಮುಟ್ಟುವುದಿಲ್ಲ. ಬಟ್ಟೆಯನ್ನು ತಿರುವಿ, ಒಳಗೆ ಎಷ್ಟು ಬಿಟ್ಟಿದ್ದಾರೆ ಅಂತ ನೋಡುತ್ತೇನೆ. ಬಿಟ್ಟಿದ್ದರೆ ಕೆಲಸ ಆಗುತ್ತದೆ. ಇಲ್ಲದಿದ್ದರೆ ಬೇರೆ ಬಟ್ಟೆ ಜೋಡಿಸಬೇಕು. ಎಷ್ಟೇ ನಾಜೂಕಾಗಿ ಜೋಡಿಸಿದರೂ ಜೋಡಿಸಿದ್ದು ಕಣ್ಣಿಗೆ ಕಾಣುತ್ತದೆ.

ಗೊಂಬೆಗಳೇ ಮಾತಾಡುವ ಅನಿಮೇಷನ್ ಸಿನಿಮಾ ಟಾಯ್ ಸ್ಟೋರಿಯ ಐದನೇ ಭಾಗ ಬರುತ್ತದಂತೆ ಅಂತ ಮಗಳು ಹೇಳಿದ ದಿನ ನಮ್ಮನೆಯಲ್ಲಿ ದೊಡ್ಡ ವಾದವೇ ಆಯಿತು. ಅವಳಿಗೆ ಒಂಬತ್ತು ವರ್ಷ, ಬೇಕೇ ಬೇಕು. ಮಗನಿಗೆ ಇಪ್ಪತ್ತೆರಡು, ಬೆಂಗಳೂರಿನಲ್ಲಿ ಕೆಲಸ. ಫೋನಿನಲ್ಲೇ ಬೇಜಾರು ಮಾಡಿಕೊಂಡ. "ಮೂರಕ್ಕೇ ಮುಗೀತು ಕಣಮ್ಮ. ಇನ್ನೇನ್ ಉಳ್ದಿದೆ ಅಲ್ಲಿ?" ಅಂದ. ಅವನು ಕೇಳಿದ್ದು ನಾನು ದಿನಾ ಬಟ್ಟೆ ತಿರುವಿ ಕೇಳುವ ಪ್ರಶ್ನೆಯೇ. ಹಾಗಾಗಿ ದಸರಾ ರಜೆಯಲ್ಲಿ ಅವನು ಊರಿಗೆ ಬಂದಾಗ ನಾಲ್ಕೂ ಸಿನಿಮಾ ಎಲ್ಲರೂ ಕೂತು ನೋಡಿದೆವು. ಹೇಗೆ ನೋಡಿದೆವು ಅಂತ ಬರೆಯುತ್ತೇನೆ. ನೀವೂ ನಿಮ್ಮನೆಯಲ್ಲಿ ಮಾಡಿ, ನಿಮ್ಮ ತೀರ್ಮಾನ ನಮ್ಮದಕ್ಕಿಂತ ಬೇರೆ ಬಂದರೂ ಬರಬಹುದು.

ಶುರು ಮಾಡುವ ಮೊದಲು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳಿ: ನಿಮಗೆ ಇವರನ್ನು ಮತ್ತೆ ನೋಡಬೇಕಾ, ಅಥವಾ ಮುಂದೇನಾಯಿತು ಅಂತ ತಿಳಿಯಬೇಕಾ? ಎರಡೂ ಒಂದೇ ಅನ್ನಿಸುತ್ತದೆ, ಒಂದೇ ಅಲ್ಲ. ನಮ್ಮ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಎಷ್ಟು ಸಲ ಆಗಿದೆಯೋ ಲೆಕ್ಕವಿಲ್ಲ. ದುರ್ಯೋಧನ ವೈಶಂಪಾಯನ ಸರೋವರದಲ್ಲಿ ಅಡಗುತ್ತಾನೆ, ಭೀಮ ತೊಡೆ ಮುರಿಯುತ್ತಾನೆ. ಚಿಕ್ಕ ಮಕ್ಕಳಿಗೂ ಗೊತ್ತು. ಆದರೂ ಜನ ಚಾಪೆ ಹಾಸಿಕೊಂಡು ಬೆಳಗಿನವರೆಗೆ ಕೂರುತ್ತಾರೆ, ಪಾತ್ರ ಮಾಡುವವರು ಕೈಯಿಂದ ದುಡ್ಡು ಕಟ್ಟಿ ಪಾತ್ರ ಹಿಡಿಯುತ್ತಾರೆ. ಎರಡನೇ ಭಾಗ ಆಡಿ ಅಂತ ಯಾರೂ ಕೇಳಿದ್ದಿಲ್ಲ. ಅದು ಮತ್ತೆ ನೋಡುವ ಆಸೆ, ಒಳ್ಳೆಯ ಆಸೆ, ಅದಕ್ಕೆ ಹಳೆಯದೇ ಸಾಕು. ನಮ್ಮ ಮಗಳು ಕೊಟ್ಟ ಉತ್ತರ "ಜೆಸ್ಸೀನ ನೋಡ್ಬೇಕು" ಅಂತ. ಜೆಸ್ಸಿ ಅಂದರೆ ಎರಡನೇ ಭಾಗದಿಂದ ಬರುವ ಹುಡುಗಿ ಗೊಂಬೆ. ಅದನ್ನು ಬರೆದಿಟ್ಟುಕೊಂಡೆ. ಮುಂದೆ ಬೇಕಾಯಿತು.

ಆಮೇಲೆ ಒಂದು ನೋಟ್‌ಬುಕ್ ತಗೊಂಡು, ಪುಟದ ಮಧ್ಯೆ ಗೆರೆ ಎಳೆದು, ಎಡಕ್ಕೆ "ಮುಗಿಸಿದ್ದು", ಬಲಕ್ಕೆ "ಒಳಗೆ ಬಿಟ್ಟದ್ದು" ಅಂತ ಬರೆಯಿರಿ. ದಿನಕ್ಕೆ ಒಂದೇ ಸಿನಿಮಾ. ಒಂದೊಂದೂ ಒಂದೂಮುಕ್ಕಾಲು ಗಂಟೆಯ ಒಳಗೇ ಮುಗಿಯುತ್ತದೆ, ಹಾಗಂತ ಒಂದೇ ದಿನ ಎರಡು ಹಾಕಬೇಡಿ. ಮೊದಲನೆಯದರಲ್ಲಿ ಬಿಟ್ಟದ್ದು ಏನು ಅಂತ ಮನಸ್ಸಿಗೆ ಬರುವ ಮೊದಲೇ ಎರಡನೆಯದು ಉತ್ತರ ಹೇಳಿಬಿಡುತ್ತದೆ. ಸಿನಿಮಾ ಮುಗಿದು ಹೆಸರುಗಳು ಬರುತ್ತಿರುವಾಗಲೇ ಬರೆಯಿರಿ.

ಮೊದಲನೆಯದು 1995ರದ್ದು. ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ಪೂರ್ಣಾವಧಿ ಸಿನಿಮಾ ಅದು, 81 ನಿಮಿಷ. ಆಂಡಿ ಅನ್ನುವ ಹುಡುಗನ ಮನೆಗೆ ಹೊಸ ಗೊಂಬೆ ಬಜ್ ಬಂದಾಗ ಹಳೆ ಗೊಂಬೆ ವುಡಿಗೆ ಹೊಟ್ಟೆಯುರಿ. ಕೊನೆಗೆ ಇಬ್ಬರೂ ಗೆಳೆಯರು. ಇದು ಎಡಗಡೆಗೆ. ಬಲಗಡೆ ಏನು ಬರೆಯುವುದು ಅಂತ ಯೋಚಿಸುತ್ತಿದ್ದಾಗ, ಹೂ ಕಟ್ಟುತ್ತಾ ಕೂತಿದ್ದ ನಮ್ಮತ್ತೆ ಕೇಳಿದರು, "ಆ ಹುಡುಗನ ಹೆಸರು ಕಾಲಡೀಲಿ ಬರಕೊಂಡವಲ್ಲ, ಅವ್ನು ದೊಡ್ಡೋನಾದ್ಮೇಲೆ ಇವುಗಳ ಗತಿ ಏನು?" ಹಾಗೇ ಬರೆದೆ. ಇಡೀ ಸರಣಿಗೆ ಬೇಕಾದಷ್ಟು ಬಟ್ಟೆ ಆ ಬೂಟಿನ ಅಡಿಯಲ್ಲೇ ಇತ್ತು.

ಎರಡನೆಯದು, 1999ರದ್ದು, ನನಗೆ ಪ್ರಾಣ. ವುಡಿಯ ತೋಳಿನ ಹೊಲಿಗೆ ಬಿಟ್ಟುಹೋಗುತ್ತದೆ. ಅದನ್ನು ರಿಪೇರಿ ಮಾಡಲು ಒಬ್ಬ ವಯಸ್ಸಾದ ಮನುಷ್ಯ ಪೆಟ್ಟಿಗೆ ಹಿಡಿದು ಬರುತ್ತಾನೆ. ಪೆಟ್ಟಿಗೆ ಬಿಚ್ಚಿದರೆ ಒಳಗೆ ಖಾನೆಯ ಮೇಲೆ ಖಾನೆ. ಕನ್ನಡಕ ಹಾಕಿಕೊಳ್ಳುತ್ತಾನೆ, ಸೂಜಿಗೆ ದಾರ ಪೋಣಿಸುತ್ತಾನೆ, ತೋಳು ಹೊಲಿಯುತ್ತಾನೆ, ಕಣ್ಣು ಒರೆಸುತ್ತಾನೆ. ಎಷ್ಟು ಹೊತ್ತು ಅಂತ ಕೇಳಿದವನಿಗೆ, ಕಲೆಗೆ ಅವಸರ ಮಾಡಬಾರದು ಅನ್ನುತ್ತಾನೆ. ಗಿರಾಕಿ ಬಾಗಿಲಲ್ಲಿ ನಿಂತು "ಆಯ್ತಾ ಅಕ್ಕ?" ಅಂದಾಗಲೆಲ್ಲ ನನಗೆ ಅವನ ಮುಖ ನೆನಪಾಗುತ್ತದೆ. ಅಷ್ಟು ಚೆನ್ನಾಗಿ ಕೆಲಸ ಮಾಡಿದವನು ಕೊನೆಯಲ್ಲಿ ಬೂಟಿನ ಅಡಿಯಲ್ಲಿದ್ದ ಆಂಡಿಯ ಹೆಸರಿನ ಮೇಲೂ ಬಣ್ಣ ಬಳಿದುಬಿಡುತ್ತಾನೆ. ವುಡಿಯನ್ನು ಕದ್ದವನು ಮಾರಲು ಹೊರಟ ಜಪಾನಿನ ಮ್ಯೂಸಿಯಮ್ಮಿನ ಗಾಜಿನ ಹಿಂದೆ ಮಾಸದೆ ಇರುವುದಾ, ಇಲ್ಲ ಬೆಳೆದು ಬಿಟ್ಟುಹೋಗುವ ಹುಡುಗನ ಹತ್ತಿರ ವಾಪಸ್ ಹೋಗುವುದಾ? ವುಡಿ ಆ ಬಣ್ಣ ಕೆರೆದು ಹೆಸರು ಹುಡುಕುತ್ತಾನೆ. ಆಂಡಿ ಒಂದು ದಿನ ಬಿಟ್ಟು ಹೋಗುತ್ತಾನೆ, ಗೊತ್ತಿದ್ದೂ ನಾನು ಹೋಗುತ್ತೇನೆ ಅನ್ನುವುದು ಅವನ ತೀರ್ಮಾನ. ಅಂದರೆ ಆ ದಿನವನ್ನು ನಮಗೆ ತೋರಿಸಬೇಕಾದ ಸಾಲ ಸಿನಿಮಾ ಮಾಡಿದವರ ಮೇಲೆ ಉಳಿಯಿತು. ಬಲಗಡೆ ದಪ್ಪಕ್ಷರದಲ್ಲಿ ಬರೆಯಿರಿ.

ಇಲ್ಲೇ ಇನ್ನೊಂದು ಅಳತೆಯೂ ಕಲಿಯಬಹುದು: ಈ ಭಾಗವನ್ನು ಯಾರು ಕೇಳಿದರು, ಯಾಕೆ ಕೇಳಿದರು? ಇದರಲ್ಲಿ ಮೋಸ ಹೋಗಬೇಡಿ. ಎರಡನೆಯದು ಶುರುವಾದದ್ದು ಥಿಯೇಟರಿಗೆ ಅಂತಲೇ ಅಲ್ಲ, ನೇರ ವಿಡಿಯೋ ಕ್ಯಾಸೆಟ್‌ಗೆ ಅಂತ. ಅಷ್ಟೇ ನೋಡಿದರೆ ದುಡ್ಡಿಗೆ ಮಾಡಿದ್ದು ಅಂತ ತಳ್ಳಿಹಾಕಬೇಕು. 1998ರಲ್ಲಿ ಯಾರೋ ತಪ್ಪಿ ಕೊಟ್ಟ ಒಂದು ಕಮಾಂಡಿನಿಂದ ಅದರ ಫೈಲುಗಳೇ ಅಳಿಸಿಹೋದವು. ಗ್ಯಾಲಿನ್ ಸಸ್ಮನ್ ಅನ್ನುವ ತಂಡದ ಹೆಣ್ಣುಮಗಳು ಬಾಣಂತಿಯಾಗಿ ಮನೆಯಿಂದ ಕೆಲಸ ಮಾಡುತ್ತಿದ್ದರು, ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇದ್ದದ್ದರಿಂದ ಉಳಿಯಿತು. ಅಷ್ಟು ಕಷ್ಟಪಟ್ಟು ಉಳಿಸಿಕೊಂಡದ್ದನ್ನೂ ಆಮೇಲೆ ಕಥೆ ಚೆನ್ನಾಗಿಲ್ಲ ಅಂತ, ಈ ಸಿನಿಮಾಗಳನ್ನು ಮಾಡುವ ಪಿಕ್ಸಾರ್ ಸ್ಟುಡಿಯೋದವರು ಬಹುಪಾಲು ಬಿಚ್ಚಿ, ಸುಮಾರು ಒಂಬತ್ತು ತಿಂಗಳಲ್ಲಿ ಹೊಸದಾಗಿ ಕಟ್ಟಿದರು. ಬಿಚ್ಚಿ ಹೊಲಿಯುವುದು ಹೊಸದು ಹೊಲಿಯುವುದಕ್ಕಿಂತ ಎರಡು ಪಟ್ಟು ಕೆಲಸ, ನನ್ನನ್ನು ಕೇಳಿ. ಮೂರನೆಯದಕ್ಕೆ ಇದರ ಉಲ್ಟಾ ಆಯಿತು. ಪಿಕ್ಸಾರ್ ಜೊತೆ, ಅದರ ಸಿನಿಮಾಗಳನ್ನು ಬಿಡುಗಡೆ ಮಾಡುತ್ತಿದ್ದ ಡಿಸ್ನಿ ಕಂಪನಿಗೆ ಮನಸ್ತಾಪ ಇದ್ದ ಕಾಲದಲ್ಲಿ, ಡಿಸ್ನಿ ತನ್ನದೇ ಬೇರೆ ಸ್ಟುಡಿಯೋ ಕಟ್ಟಿ, ಬಜ್ ಕೆಟ್ಟುಹೋಗಿ ತೈವಾನಿನ ಫ್ಯಾಕ್ಟರಿಗೆ ವಾಪಸ್ ಹೋಗುವ ಒಂದು ಮೂರನೇ ಭಾಗಕ್ಕೆ ಕೈಹಾಕಿತ್ತು. ಬೂಟಿನ ಅಡಿಯ ಹೆಸರಿಗೂ ಅದಕ್ಕೂ ಏನು ಸಂಬಂಧ? 2006ರಲ್ಲಿ ಡಿಸ್ನಿ ಪಿಕ್ಸಾರನ್ನೇ ಕೊಂಡುಕೊಂಡ ಮೇಲೆ ಅದು ನಿಂತಿತು, ಒಳ್ಳೆಯದೇ ಆಯಿತು. ಹಾಗಾಗಿ ಯಾರು ಕೇಳಿದರು ಅನ್ನುವುದನ್ನು ಬರೆದಿಡಿ, ಆದರೆ ಅದೊಂದರ ಮೇಲೇ ತೀರ್ಮಾನ ಮಾಡಬೇಡಿ. ಕಲೆಕ್ಷನ್ ಮೇಲೂ ಬೇಡ: ಮೂರು, ನಾಲ್ಕು ಎರಡೂ ನೂರು ಕೋಟಿ ಡಾಲರ್ ದಾಟಿವೆ, ಎರಡಕ್ಕೂ ಆಸ್ಕರ್ ಬಂದಿದೆ.

ಮೂರನೆಯದನ್ನು ರಾತ್ರಿ ಊಟ ಆದಮೇಲೆ ಹಾಕಿ. ಮಧ್ಯದಲ್ಲಿ ಯಾರೂ ಏಳುವ ಹಾಗಿರಬಾರದು. 2010ರಲ್ಲಿ ಬಂದಾಗ ಮಗನಿಗೆ ಆರೋ ಏಳೋ ವರ್ಷ. ಗೊಂಬೆಗಳು ಕೈಕೈ ಹಿಡಿದು ಬೆಂಕಿಯ ಕಡೆ ಜಾರುವಾಗ ಅವನು ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡದ್ದಷ್ಟೇ ನನಗೆ ನೆನಪಿತ್ತು. ಈ ಸಲ ಬೇರೆ ಕಡೆ ನಿಂತೆ. ಹದಿನೇಳರ ಆಂಡಿ ಕಾಲೇಜಿಗೆ ಹೊರಟಿದ್ದಾನೆ. ಅವನ ತಾಯಿ ಮಾತಾಡುತ್ತಾ ರೂಮಿನೊಳಗೆ ಬರುತ್ತಾಳೆ, ಖಾಲಿ ಗೋಡೆ ನೋಡಿ ಮಾತು ನಿಂತುಹೋಗುತ್ತದೆ. ಕೆಲವೇ ಸೆಕೆಂಡು. ಮಗನ ಸಾಮಾನನ್ನು ಪಿಜಿಗೆ ಸಾಗಿಸಿದ ದಿನ ನಾನು ಅವನ ಮಂಚದ ಮೇಲೆ ಯೂನಿಫಾರ್ಮ್ ಬಟ್ಟೆಯ ಥಾನುಗಳನ್ನು ಇಟ್ಟಿದ್ದೆ, ಖಾಲಿ ಕಾಣಬಾರದು ಅಂತ. ಪಕ್ಕದಲ್ಲೇ ಕೂತಿದ್ದ ಅವನು ಏನೂ ಹೇಳದೆ ನನ್ನ ಕೈ ಹಿಡಿದುಕೊಂಡ.

ಕೊನೆಗೆ ಆಂಡಿ ಗೊಂಬೆಗಳ ಡಬ್ಬ ತಂದು ಬಾನಿ ಅನ್ನುವ ಪುಟ್ಟ ಹುಡುಗಿಗೆ ಕೊಡುತ್ತಾನೆ. ಒಂದೊಂದನ್ನೂ ತೆಗೆದು, ಇದರ ಗುಣ ಇಂಥದ್ದು ಅಂತ ಹೇಳಿ ಕೊಡುತ್ತಾನೆ. ನಾನು ಕನ್ನಡದಲ್ಲಿ ಹೇಳುತ್ತಾ ಹೋದೆ; ಅತ್ತೆ ಹೂ ಪಕ್ಕಕ್ಕಿಟ್ಟು, "ಮಗಳ್ನ ಕೊಟ್ಟಂಗೆ ಕೊಟ್ಟ ನೋಡು" ಅಂದರು. ವುಡಿಯನ್ನು ಕೊಡಲು ಅವನಿಗೆ ಕೈ ಬರುವುದಿಲ್ಲ. ಚೆನ್ನಾಗಿ ನೋಡಿಕೊಳ್ಳುತ್ತೀಯಾ ಅಂತ ಕೇಳಿ, ಮಾತು ತಗೊಂಡೇ ಕೊಡುತ್ತಾನೆ. ಆಮೇಲೆ ಬರುವ ಆಕಾಶದ ಮೋಡಗಳನ್ನು ನೋಡಿ, ಮೊದಲ ಸಿನಿಮಾದ ಶುರುವಿನಲ್ಲಿ ಆಂಡಿಯ ಗೋಡೆಯ ಮೇಲಿದ್ದ ಮೋಡಗಳೇ ಅವು. ಎಡಗಡೆ ತುಂಬಿಹೋಯಿತು. ಬಲಗಡೆ ಮಗ "ಏನೂ ಇಲ್ಲ" ಅಂತ ಬರೆಯಲು ಹೊರಟ. ನಾನು ತಡೆದೆ. ಶುರುವಿನಲ್ಲಿ, ಯಾರು ಯಾರು ಮನೆ ಬಿಟ್ಟುಹೋದರು ಅಂತ ಗೊಂಬೆಗಳು ಮಾತಾಡುವಾಗ ವುಡಿಗೆ ಪ್ರೀತಿಯ ಗೊಂಬೆ ಬೋ ಪೀಪ್ ಹೆಸರು ಬರುತ್ತದೆ, ವುಡಿಯ ದನಿ ಅಲ್ಲಿ ಸಣ್ಣಗಾಗುತ್ತದೆ. ಅಷ್ಟೇ. ಅರ್ಧ ಇಂಚು ಇರಬಹುದು, ಆದರೆ ಬಟ್ಟೆ ಇದೆ. ಇಂಥದ್ದನ್ನು ಬಿಡದೆ ಬರೆಯಬೇಕು, ಇಲ್ಲದಿದ್ದರೆ ನಾಲ್ಕನೆಯದಕ್ಕೆ ಅನ್ಯಾಯ ಮಾಡಿದ ಹಾಗೆ.

2019ರ ನಾಲ್ಕನೆಯದಕ್ಕೆ ಬೇರೆ ಪರೀಕ್ಷೆ ಬೇಕು. ಸಿನಿಮಾ ನೋಡುತ್ತಿಲ್ಲದ ಒಬ್ಬರಿಗೆ ಕಥೆ ಹೇಳಿ, ಅವರು ಎಲ್ಲಿ ತಡೆದು ಕೇಳುತ್ತಾರೆ ಅಂತ ಗಮನಿಸಿ. ಅತ್ತೆ ಆ ದಿನ ಅಡುಗೆಮನೆಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದರು, ಅಲ್ಲೇ ಹೋಗಿ ಹೇಳಿದೆ. ಬೋ ಪೀಪ್ ಮಳೆಯ ರಾತ್ರಿ ಹೇಗೆ ಹೋದಳು, ಒಂಬತ್ತು ವರ್ಷ ಆದಮೇಲೆ ಹೇಗೆ ಸಿಕ್ಕಳು ಅಂತ ಹೇಳುವಾಗ ಅವರು ಒಮ್ಮೆಯೂ ತಡೆಯಲಿಲ್ಲ. ಕಸದ ಸಾಮಾನಿನಿಂದ ಬಾನಿ ಮಾಡಿದ ಫೋರ್ಕಿ ತಾನು ಕಸವೇ ಅಂತ ಹೋಗಿ ಹೋಗಿ ಡಬ್ಬಿಗೆ ಬೀಳುವುದು ಅವರಿಗೆ ಬಹಳ ಹಿಡಿಸಿತು. ಆದರೆ ಬಾನಿ ಆಟಕ್ಕೆ ಕರೆಯದೆ ವುಡಿ ಬೀರುವಿನಲ್ಲಿ ಕೂತಿರುತ್ತಾನೆ ಅಂದಾಗ ಕೈ ನಿಲ್ಲಿಸಿದರು. "ಅಲ್ಲ, ಮಾತು ತಗೊಂಡು ಕೊಟ್ಟಿದ್ನಲ್ಲ ಆ ಹುಡುಗ? ಕೊಟ್ಟ ಮನೇಲಿ ಕೇಳೋರೇ ಇಲ್ವಾ?"

ಮಗನ ಸಿಟ್ಟು ಎಲ್ಲಿತ್ತು ಅಂತ ನನಗೆ ಆಗ ಗೊತ್ತಾಯಿತು. ಬೋ ಪೀಪಿನ ಕಥೆ ಒಳಗೆ ಬಿಟ್ಟ ಬಟ್ಟೆಯನ್ನು ಇಳಿಸಿದ್ದು. ಬಾನಿ ಕೊಟ್ಟ ಮಾತು ಹಾಗಲ್ಲ, ಅದು ಬಿಗಿಯಾಗಿ ಮುಗಿಸಿದ್ದ ಹೊಲಿಗೆ, ಅದನ್ನು ಬಿಚ್ಚಿದ್ದಾರೆ. ಒಂದೇ ಸಿನಿಮಾದಲ್ಲಿ ಎರಡೂ ಕೆಲಸ ನಡೆದಿದೆ. ಮಡಿಕೆ ಇಳಿಸಿದ ಲಂಗ ನೋಡಿದ್ದೀರಲ್ಲ, ಒಳಗಿದ್ದ ಮೂರು ಇಂಚು ಹೊಸದರ ಹಾಗೆ ಕಡುನೀಲಿ, ಮೇಲಿನದು ಬಿಸಿಲಿಗೆ ಮಾಸಿರುತ್ತದೆ, ನಡುವೆ ಹಳೆ ಮಡಿಕೆಯ ಗೆರೆ. ಆ ಗೆರೆಗೆ ತಾಯಂದಿರು ಬೇಜಾರಾಗುವುದಿಲ್ಲ, ಮಗು ಬೆಳೆದಿದೆ ಅಷ್ಟೇ. ನನಗೂ ನಾಲ್ಕನೆಯದರ ಮೇಲೆ ಪ್ರೀತಿ ಇದೆ. ಆದರೆ ಬಿಚ್ಚಬಾರದ ಕಡೆ ಬಿಚ್ಚಿದ ಸೂಜಿತೂತು ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ. ನಿಮ್ಮನೆಯಲ್ಲಿ ಇಬ್ಬರ ಅಭಿಪ್ರಾಯ ಬೇರೆಯಾದರೆ, ಒಬ್ಬರು ಇಳಿಸಿದ್ದನ್ನು ನೋಡುತ್ತಿದ್ದಾರಾ, ಇನ್ನೊಬ್ಬರು ಬಿಚ್ಚಿದ್ದನ್ನು ನೋಡುತ್ತಿದ್ದಾರಾ ಅಂತ ಕೇಳಿ. ನಮ್ಮಲ್ಲಿ ಹಾಗೇ ಆಗಿತ್ತು.

ಬಜ್ ಪಾತ್ರದ ಮೇಲೆ ಬೇರೆಯಾಗಿ ಮಾಡಿದ 2022ರ ಸಿನಿಮಾ ಲೈಟ್‌ಇಯರ್ ಈ ಲೆಕ್ಕಕ್ಕೆ ಬೇಡ. ಅದು ಬೇರೆ ಅಳತೆಗೆ ಕತ್ತರಿಸಿದ ಬೇರೆ ಬಟ್ಟೆ.

ಈಗ ಐದನೆಯದು. ನಾಲ್ಕನೆಯದರ ಬಲಗಡೆ ಏನಿದೆ ನೋಡಿ. ವುಡಿ ಬೋ ಜೊತೆ ಉಳಿದುಬಿಟ್ಟ, ಅವನ ಬಟ್ಟೆ ಪೂರ್ತಿ ಇಳಿಸಿ ಆಗಿದೆ, ಅಂಚಿನ ನೂಲು ಕಾಣುತ್ತಿದೆ. ಆದರೆ ಹೋಗುವ ಮೊದಲು ತನ್ನ ಶೆರಿಫ್ ಬ್ಯಾಡ್ಜ್ ಕಿತ್ತು ಜೆಸ್ಸಿಗೆ ಚುಚ್ಚಿದ. ಎರಡನೇ ಸಿನಿಮಾದಲ್ಲಿ ತನ್ನ ಹುಡುಗಿ ಎಮಿಲಿ ಬೆಳೆದು, ರಸ್ತೆ ಬದಿಯ ಡಬ್ಬದಲ್ಲಿ ಬಿಟ್ಟುಹೋದದ್ದನ್ನು ಹೇಳಿಕೊಂಡವಳು ಇದೇ ಜೆಸ್ಸಿ. ಬ್ಯಾಡ್ಜ್ ಬಂದಮೇಲೆ ಅವಳು ಏನು ಮಾಡಿದಳು ಅಂತ ಯಾರೂ ಇನ್ನೂ ಹೇಳಿಲ್ಲ. ಮಗಳು ಮೊದಲ ದಿನ ಕೊಟ್ಟ ಉತ್ತರವನ್ನು ಇಲ್ಲಿ ಓದಿ ಹೇಳಿದೆ, ಅವಳಿಗೆ ಖುಷಿಯೋ ಖುಷಿ. ಹೊಸ ಕಥೆಯಲ್ಲಿ ಗೊಂಬೆಗಳಿಗೆ ಎದುರಾಗುವುದು ಟ್ಯಾಬ್ಲೆಟ್. ಸಿದ್ಧಗಂಗೆ ಜಾತ್ರೆಯಲ್ಲಿ ಅವಳು ಅತ್ತು ಕೊಡಿಸಿಕೊಂಡ ಬಟ್ಟೆ ಗೊಂಬೆ ಎರಡು ವರ್ಷದಿಂದ ಬೀರುವಿನ ಮೇಲಿದೆ, ಫೋನ್ ಅವಳ ಕೈಯಲ್ಲಿದೆ. ಆದ್ದರಿಂದ ಈ ಪ್ರಶ್ನೆ ಹೊರಗಿಂದ ತಂದು ಅಂಟಿಸಿದ್ದು ಅಂತ ನಾನು ಹೇಳಲಾರೆ. ನಿರ್ದೇಶಕ ಆಂಡ್ರ್ಯೂ ಸ್ಟ್ಯಾಂಟನ್ ಮೊದಲ ಭಾಗದಿಂದಲೂ ಬರವಣಿಗೆಯಲ್ಲಿದ್ದವರು, ಎಲ್ಲೆಲ್ಲಿ ಎಷ್ಟು ಬಿಟ್ಟಿದ್ದಾರೆ ಅಂತ ಅವರ ಕೈಗೆ ಗೊತ್ತಿರಬೇಕು.

ನಮ್ಮ ಪುಸ್ತಕದ ತೀರ್ಮಾನ ಹೀಗಿದೆ: ಜೆಸ್ಸಿಗಾಗಿ ಬೇಕು, ವುಡಿಗಾಗಿ ಬೇಡ. ವುಡಿಯೂ ಬರುತ್ತಾನಂತೆ. ಬಂದವನು ಜೆಸ್ಸಿಗೆ ಕೈಯಾಸರೆಯಾಗಿ ನಿಂತರೆ ಸರಿ, ಬ್ಯಾಡ್ಜ್ ವಾಪಸ್ ಹಾಕಿಕೊಂಡರೆ ಅದು ಮತ್ತೆ ಬಿಚ್ಚಿದ ಹೊಲಿಗೆ. ಮಗನೂ ಇದಕ್ಕೆ ಸಹಿ ಹಾಕಿದ್ದಾನೆ. ಅಮೆರಿಕದಲ್ಲಿ ಬಿಡುಗಡೆ 2026ರ ಜೂನ್ 19, ಶುಕ್ರವಾರ ಅಂತ ಗೊತ್ತುಮಾಡಿದ್ದಾರೆ. ಜೂನ್ ಅಂದರೆ ನನ್ನ ಮಿಷನ್ ರಾತ್ರಿ ಹನ್ನೊಂದರವರೆಗೆ ಓಡುವ ತಿಂಗಳು. ಇಲ್ಲಿಗೂ ಅದೇ ವಾರ ಬಂದರೆ 21ರ ಭಾನುವಾರ ಹೋಗುತ್ತೇವೆ. ಗೆರೆ ಎಳೆದ ಪುಟ ತಯಾರಿದೆ, ಪೆನ್ನು ಮಗಳ ಕೈಯಲ್ಲಿರುತ್ತದೆ. ಬೆಳಗಿನ ರೈಲಿಗೇ ಬರುತ್ತೇನೆ ಅಂತ ಮಗ ಹೇಳಿದ್ದಾನೆ.