ದರೋಡೆ ನೊಣದ ಪ್ರಭೇದವನ್ನು ಗುರುತಿಸುವುದು, ವಿವರಿಸುವುದು

ಬೇಲಿಯ ಒಣಕಡ್ಡಿಯ ತುದಿಯಲ್ಲಿ ಕಾದು ಕೂತು, ಹಾರುವ ಕೀಟವನ್ನು ಗಾಳಿಯಲ್ಲೇ ಹಿಡಿದು, ಮತ್ತೆ ಅದೇ ಕಡ್ಡಿಗೆ ಮರಳುವ ನೊಣ ಕಂಡರೆ ಅದು ಬಹುಮಟ್ಟಿಗೆ ದರೋಡೆ ನೊಣ, ಅಂದರೆ ಆಸಿಲಿಡೇ ಕುಟುಂಬದ್ದು. ಈ ಕುಟುಂಬದ 7,000ಕ್ಕೂ ಹೆಚ್ಚು ಪ್ರಭೇದಗಳಿಗೆ ಈಗಾಗಲೇ ಹೆಸರಿದೆ. ಒಳ್ಳೆಯ ಫೋಟೋ ಇದ್ದರೆ ಕುಟುಂಬ ಹೇಳಬಹುದು, ಎಷ್ಟೋ ಸಲ ಕುಲವನ್ನೂ ಹೇಳಬಹುದು. ಆದರೆ ಪ್ರಭೇದವನ್ನು ತೀರ್ಮಾನಿಸುವ ಗುರುತುಗಳು ಹೆಚ್ಚಾಗಿ ಕ್ಯಾಮೆರಾಕ್ಕೆ ಸಿಗದ ಜಾಗದಲ್ಲಿರುತ್ತವೆ. ಅದಕ್ಕೇ ಮಾದರಿ ಕೈಯಲ್ಲಿರಬೇಕು, ಅದೂ ಕೆಡದಂತೆ ಇರಬೇಕು.

ಮೊದಲು ಅನುಮತಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಬಲೆ ಬೀಸುವಂತಿಲ್ಲ.

ಹಿಡಿಯಲು ಬಿಸಿಲೇರಿದ ಹೊತ್ತೇ ಸರಿ, ಬೆಳಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ. ಸ್ಟೈಕೋಪೋಗಾನ್ ಕುಲದ್ದು ಬೇಕಿದ್ದರೆ ಹೊಳೆದಂಡೆಯ ಮರಳು ನೋಡಿ, ಲೆಪ್ಟೋಗ್ಯಾಸ್ಟರ್ ಕುಲಕ್ಕೆ ನೆರಳಿನ ಹುಲ್ಲು ನೋಡಿ. ಬಡಗಿ ದುಂಬಿಯನ್ನು ಹೋಲುವ ಹೈಪರೆಕಿಯಾ ಬೇಕಿದ್ದರೆ ಆ ದುಂಬಿ ಕೊರೆದ ಒಣಮರದ ಸುತ್ತ ಕಾಯಬೇಕು. ಅದರ ಮರಿಹುಳು ಬೆಳೆಯುವುದು ದುಂಬಿಯ ಸುರಂಗದಲ್ಲೇ. ಕೂಡಿಕೊಂಡಿರುವ ಜೋಡಿ ಸಿಕ್ಕರೆ ಎರಡನ್ನೂ ಒಟ್ಟಿಗೆ ಹಿಡಿದು ಒಂದೇ ಸಂಖ್ಯೆ ಕೊಡಿ. ಹೆಣ್ಣು ಯಾವ ಗಂಡಿನದು ಎಂಬ ಪ್ರಶ್ನೆಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಸಿಗುವುದು ಕಷ್ಟ. ಬಾಯಲ್ಲಿ ಬೇಟೆ ಇದ್ದರೆ ಅದನ್ನೂ ಎಸೆಯದೆ ಜೊತೆಗಿಡಿ. ಬರಿಗೈಯಲ್ಲಿ ಹಿಡಿಯಬೇಡಿ, ಚುಚ್ಚಿದರೆ ಚೆನ್ನಾಗಿಯೇ ನೋಯುತ್ತದೆ.

ಕೊಲ್ಲಲು ಈಥೈಲ್ ಅಸಿಟೇಟ್ ಬಾಟಲಿ ಸಾಕು, ಆದರೆ ಒಳಗೆ ತೇವ ಕಟ್ಟಬಾರದು. ಒದ್ದೆಯಾದರೆ ಮುಖದ ರೋಮ ಅಂಟಿಕೊಳ್ಳುತ್ತದೆ. ದ್ರಾಕ್ಷಿಯ ಮೇಲಿನ ಬಿಳಿ ಪುಡಿಯಂತೆ ಮೈಮೇಲಿರುವ ಲೇಪವೂ ಮಾಸಿಹೋಗುತ್ತದೆ. ಈ ಪುಡಿಲೇಪದ ಪಟ್ಟೆ, ಚುಕ್ಕೆಗಳು ದೊಡ್ಡ ಗುರುತು. ಎಲ್ಲ ಮಾದರಿಗಳನ್ನೂ ಆಲ್ಕೋಹಾಲಿಗೆ ಹಾಕಬಾರದು ಎನ್ನುವುದೂ ಇದಕ್ಕೇ. ಕಣ್ಣಿನ ಹಸಿರು ಹೊಳಪು ಸತ್ತ ಮೇಲೆ ನಿಲ್ಲುವುದಿಲ್ಲ, ಹಾಗಾಗಿ ಜೀವಂತ ಬಣ್ಣವನ್ನು ಅಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಿ.

ಸೂಜಿಯನ್ನು ಎದೆಯ ಬಲಭಾಗದಲ್ಲಿ ಚುಚ್ಚಿ. ಬಲಗಡೆಯ ಬಿರುಗೂದಲು ಹಾಳಾದರೂ ಎಡಗಡೆಯದು ಎಣಿಸಲು ಉಳಿಯುತ್ತದೆ. ನೊಣದ ಬೆನ್ನಿಗೂ ಸೂಜಿಯ ತಲೆಗೂ ನಡುವೆ ಸುಮಾರು 10 ಮಿ.ಮೀ. ಬಿಡಿ. ಡಿಎನ್‌ಎ ಬೇಕೆನಿಸಿದರೆ ಬಲಗಡೆಯ ನಡುಗಾಲೊಂದನ್ನು ತೆಗೆದು 95 ಪ್ರತಿಶತ ಎಥನಾಲಿನಲ್ಲಿ, ಸೊನ್ನೆಗಿಂತ 20 ಡಿಗ್ರಿ ಕೆಳಗಿನ ತಂಪಿನಲ್ಲಿಡಿ. ಚೀಟಿಯಲ್ಲಿ ಊರು, ಜಿಲ್ಲೆ, ರಾಜ್ಯ, ಅಕ್ಷಾಂಶ-ರೇಖಾಂಶ, ಎತ್ತರ, ದಿನಾಂಕ, ಹಿಡಿದವರ ಹೆಸರು ಇರಲಿ. ಚೀಟಿಯನ್ನು ಅದೇ ದಿನ ಬರೆಯಿರಿ. ನಾಳೆಗೆ ಬಿಟ್ಟ ಚೀಟಿ ತಪ್ಪು ನೊಣಕ್ಕೆ ಸೇರಿಕೊಳ್ಳುತ್ತದೆ.

ನೋಡುವ ಕ್ರಮ

ಸೂಕ್ಷ್ಮದರ್ಶಕದಡಿ ಮೊದಲು ನೋಡಬೇಕಾದದ್ದು ನೆತ್ತಿ. ಎರಡು ದೊಡ್ಡ ಕಣ್ಣುಗಳ ನಡುವೆ ನೆತ್ತಿ ತಗ್ಗಾಗಿ ಇಳಿದಿರಬೇಕು. ಥೆರೆವಿಡೇ ಕುಟುಂಬದ ನೊಣಗಳು ಮೇಲ್ನೋಟಕ್ಕೆ ಹೀಗೇ ಇದ್ದರೂ ಅವುಗಳಿಗೆ ಈ ತಗ್ಗಿಲ್ಲ. ಆಮೇಲೆ ಮುಖದ ಮೇಲಿನ ಬಿರುಗೂದಲ ಗೊಂಚಲು. ಇದಕ್ಕೆ ಮಿಸ್ಟ್ಯಾಕ್ಸ್ ಎನ್ನುತ್ತಾರೆ, ಗ್ರೀಕಿನಲ್ಲಿ ಮೀಸೆ ಎಂದೇ ಅರ್ಥ. ಅದು ಬಾಯಂಚಿನಲ್ಲಷ್ಟೇ ಇದೆಯೋ, ಇಡೀ ಮುಖ ತುಂಬಿದೆಯೋ, ಯಾವ ಬಣ್ಣದ ಕೂದಲು ಎಲ್ಲಿದೆಯೋ, ಎಲ್ಲವನ್ನೂ ಬರೆದುಕೊಳ್ಳಿ.

ರೆಕ್ಕೆಯಲ್ಲಿ ಮುಂದಂಚಿನ ಆರ್1 ಕೋಶ, ಅಂದರೆ ಎರಡು ನರಗಳ ನಡುವಿನ ಆ ಹೆಸರಿನ ಜಾಗ, ನೋಡಿ. ರೆಕ್ಕೆಯ ಅಂಚು ಮುಟ್ಟುವ ಮೊದಲೇ ನರಗಳು ಸೇರಿ ಆ ಕೋಶ ಮುಚ್ಚಿಕೊಂಡಿದ್ದರೆ ಆಸಿಲಿನೇ, ಲಾಫ್ರಿನೇ, ಒಮ್ಯಾಟಿನೇ ಉಪಕುಟುಂಬಗಳ ಕಡೆ ಹೋಗಿ. ತೆರೆದಿದ್ದರೆ ಡ್ಯಾಸಿಪೊಗೊನಿನೇ ಮತ್ತಿತರ ಗುಂಪುಗಳ ಕಡೆ ಹೋಗಬೇಕು. ಡ್ಯಾಸಿಪೊಗೊನಿನೇಯ ಮುಂಗಾಲಿನ ಕಣಕಾಲ ತುದಿಯಲ್ಲಿ ಬಾಗಿದ ಮುಳ್ಳೊಂದಿರುತ್ತದೆ. ಉಗುರುಗಳ ಕೆಳಗಿನ ಮೆತ್ತೆಗಳೇ ಇಲ್ಲದೆ, ಹೊಟ್ಟೆ ದಾರದಂತೆ ನೀಳವಾಗಿದ್ದರೆ ಲೆಪ್ಟೋಗ್ಯಾಸ್ಟ್ರಿನೇ.

ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ಒಮ್ಯಾಟಿಯಸ್ ಕುಲವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರ ಕುಡಿಮೀಸೆಯ ತುದಿಯ ಎಳೆ ಪುಕ್ಕದಂತೆ ಕವಲೊಡೆದಿರುತ್ತದೆ. ಆ ಪುಕ್ಕ ಕಂಡ ತಕ್ಷಣ ಒಮ್ಯಾಟಿಯಸ್ ಎಂದು ಬರೆಯುವುದು ಸಾಮಾನ್ಯ ತಪ್ಪು. ಮೈಕೋಟಾಮಿಯಾ, ಕೋಫಿನೋಪೋಡಾಗಳಿಗೂ ಅದೇ ಪುಕ್ಕ ಇದೆ, ಅದು ಉಪಕುಟುಂಬದವರೆಗೆ ಮಾತ್ರ ದಾರಿ ತೋರುತ್ತದೆ. ಕುಲ ಖಚಿತವಾದ ಮೇಲೆ ತೊಡೆಗಳ ಕೆಳಸಾಲಿನ ಮುಳ್ಳುಗಳನ್ನು ಎಣಿಸಿ, ಪ್ರತಿ ಕಾಲಿನ ಕಪ್ಪು-ಹಳದಿ ಎಲ್ಲಿ ಮುಗಿಯುತ್ತದೆ ನೋಡಿ, ಗಂಡಿನ ರೆಕ್ಕೆಯ ಮುಂದಂಚು ಉಬ್ಬಿದೆಯೇ ಪರೀಕ್ಷಿಸಿ, ಸ್ಕುಟೆಲ್ಲಮ್, ಅಂದರೆ ಎದೆಯ ಹಿಂತುದಿಯ ಪುಟ್ಟ ಫಲಕದ, ಅಂಚಿನ ಬಿರುಗೂದಲು ಲೆಕ್ಕಹಾಕಿ. ಕೂದಲು ಮುರಿದಿದ್ದರೂ ಅದರ ಬುಡದ ಗುಳಿ ಉಳಿದಿರುತ್ತದೆ, ಎಣಿಸಬೇಕಾದದ್ದು ಗುಳಿಗಳನ್ನು. ಪುಡಿಲೇಪ ಒಂದೇ ಕೋನದಿಂದ ಕಾಣುವುದಿಲ್ಲ. ದೀಪಕ್ಕೆ ಟ್ರೇಸಿಂಗ್ ಕಾಗದ ಅಡ್ಡಹಿಡಿದು ನೊಣವನ್ನು ನಿಧಾನವಾಗಿ ತಿರುಗಿಸುತ್ತಾ ನೋಡಿ.

ಇಷ್ಟೆಲ್ಲ ಹೊಂದಿದರೂ ಕೊನೆಯ ಮಾತು ಗಂಡಿನ ಜನನಾಂಗದ್ದು. ಹೊಟ್ಟೆಯ ತುದಿಯ ಖಂಡಗಳನ್ನು ಬಿಡಿಸಿ, 10 ಪ್ರತಿಶತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದು ರಾತ್ರಿ ಬಿಡಿ. ಅವಸರವಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಟ್ಯೂಬ್ ನಿಲ್ಲಿಸಿ, ಹತ್ತು ನಿಮಿಷದಿಂದ ಶುರುಮಾಡಿ ಆಗಾಗ ನೋಡುತ್ತಿರಿ. ನೇರ ಬೆಂಕಿಗೆ ಹಿಡಿದರೆ ದ್ರಾವಣ ಮಾದರಿಯ ಸಮೇತ ಚಿಮ್ಮುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಹೆಚ್ಚು ಹೊತ್ತು ಬಿಟ್ಟರೆ ತೆಳು ಭಾಗಗಳು ಗಾಜಿನಂತೆ ಪಾರದರ್ಶಕವಾಗಿ ಅಂಚೇ ಕಾಣದು. ನೀರಿನಲ್ಲಿ ತೊಳೆದು, ಒಂದು ಹನಿ ಅಸಿಟಿಕ್ ಆಮ್ಲದಿಂದ ಕ್ಷಾರವನ್ನು ತಣಿಸಿ ಗ್ಲಿಸರಿನ್‌ಗೆ ಹಾಕಿ. ಜನನಾಂಗದ ಭಾಗಗಳಾದ ಎಪಾಂಡ್ರಿಯಂ, ಗೊನೊಕಾಕ್ಸೈಟ್, ಗೊನೊಸ್ಟೈಲಸ್, ಈಡಿಯಾಗಸ್ ಇವುಗಳ ಚಿತ್ರವನ್ನು ಪಕ್ಕದಿಂದ, ಮೇಲಿಂದ, ಕೆಳಗಿಂದ ಬರೆಯಿರಿ. ಗ್ಲಿಸರಿನ್‌ನಲ್ಲಿ ಅಂಗ ಸ್ವಲ್ಪ ವಾಲಿದರೂ ಆಕಾರ ಬೇರೆಯಾಗಿ ಕಾಣುತ್ತದೆ. ಹಳೆಯ ಚಿತ್ರದೊಂದಿಗೆ ಹೋಲಿಸುವಾಗ ಅದೇ ಕೋನದಲ್ಲಿ ನಿಲ್ಲಿಸಿದ್ದೀರಾ ಎಂದು ಖಚಿತಪಡಿಸಿಕೊಳ್ಳಿ. ಎಷ್ಟೋ "ಹೊಸ" ಪ್ರಭೇದಗಳು ಹುಟ್ಟುವುದು ವಾಲಿದ ಅಂಗದಿಂದ.

ಬರೆಯುವುದು

ಬಣ್ಣ ಬರೆಯುವಾಗ ಮೂರು ಪದರಗಳನ್ನು ಬೇರೆಬೇರೆಯಾಗಿ ಹೇಳಬೇಕು: ಚರ್ಮ, ಅದರ ಮೇಲಿನ ಪುಡಿಲೇಪ, ಅದರಿಂದೆದ್ದ ಕೂದಲು. "ಎದೆ ಬೂದು" ಎಂದಷ್ಟೇ ಬರೆದರೆ ಓದುವವರಿಗೆ ಏನೂ ಸಿಗದು. "ಚರ್ಮ ಕಪ್ಪು, ಲೇಪ ಬೂದು, ಕೂದಲು ಬಿಳಿ" ಎಂದರೆ ನೂರು ವರ್ಷದ ನಂತರ ಲೇಪ ಉದುರಿದ ಮಾದರಿಯನ್ನೂ ಗುರುತಿಸಬಹುದು. ಒಣಗಿದ ಹೊಟ್ಟೆ ಮುದುಡುವುದರಿಂದ ಬರೀ ಮೈಯುದ್ದ ನಂಬಿಕೆಗೆ ಸಾಲದು. ರೆಕ್ಕೆಯುದ್ದ ಕೊಡಿ, ಕುಡಿಮೀಸೆಯ ಗೆಣ್ಣುಗಳ ಅನುಪಾತ ಕೊಡಿ, ಮುಖದ ಅಗಲಕ್ಕೂ ಕಣ್ಣಿನ ಅಗಲಕ್ಕೂ ಇರುವ ಅನುಪಾತ ಕೊಡಿ. ಮಾದರಿ ಹಲವು ಇದ್ದರೆ ಕನಿಷ್ಠ-ಗರಿಷ್ಠ ಎರಡೂ ಬರಲಿ. ಒಂದೇ ನೊಣ ನೋಡಿ ಬರೆದ ಅಳತೆ ಆ ನೊಣದ ಅಳತೆ ಮಾತ್ರ.

ದೀರ್ಘ ವಿವರಣೆಗಿಂತ ಹೆಚ್ಚು ದುಡಿಯುವುದು ಅದಕ್ಕೆ ಮೊದಲು ಬರುವ ನಾಲ್ಕೈದು ಸಾಲಿನ ಭೇದಸೂಚಿ. ಅದರಲ್ಲಿ ತೀರಾ ಹತ್ತಿರದ ಪ್ರಭೇದದ ಹೆಸರು ಹೇಳಿ, ಯಾವ ಯಾವ ಅಂಗದಲ್ಲಿ ಹೇಗೆ ಬೇರೆ ಎಂದು ಬರೆಯಬೇಕು. ಇದನ್ನು ಬರೆಯಲಾಗದಿದ್ದರೆ ಪ್ರಭೇದ ಇನ್ನೂ ಸಿದ್ಧವಾಗಿಲ್ಲ. ಹಳೆಯ ಟೈಪ್ ಮಾದರಿಗಳನ್ನು (ಪ್ರಭೇದದ ಹೆಸರಿಗೆ ಆಧಾರವಾದ ಮೂಲ ಮಾದರಿಗಳು), ಕನಿಷ್ಠ ಅವುಗಳ ಚಿತ್ರಗಳನ್ನು ತರಿಸಿ ನೋಡುವವರೆಗೆ ತಡೆಯಿರಿ.

ಹೆಸರಿನ ವ್ಯಾಕರಣದಲ್ಲೂ ಎಡವುವವರು ಬಹಳ. ಪ್ರಭೇದದ ಹೆಸರಿನ ಕೊನೆ ಕುಲದ ಲಿಂಗಕ್ಕೆ ಹೊಂದಬೇಕು. ಒಮ್ಯಾಟಿಯಸ್ ಪುಲ್ಲಿಂಗ, ಲಾಫ್ರಿಯಾ ಸ್ತ್ರೀಲಿಂಗ. ಊರಿನ ಹೆಸರಿಗೆ ಪ್ರತ್ಯಯ ಹಚ್ಚುವುದಾದರೆ ಎರಡಕ್ಕೂ "ಎನ್ಸಿಸ್". ಮೈಕ್ರೋಸ್ಟೈಲಮ್ ನಪುಂಸಕ, ಅಲ್ಲಿ "ಎನ್ಸೆ". ಅಂತರರಾಷ್ಟ್ರೀಯ ಪ್ರಾಣಿನಾಮ ಸಂಹಿತೆಯ ಪ್ರಕಾರ 1999ರ ನಂತರದ ಹೆಸರುಗಳಿಗೆ ಹೋಲೋಟೈಪ್ (ಹೆಸರಿಗೆ ಆಧಾರವಾದ ಒಂದೇ ಒಂದು ಮಾದರಿ) ಯಾವುದು, ಯಾವ ಸಂಗ್ರಹಾಲಯದಲ್ಲಿದೆ ಎಂದು ಸ್ಪಷ್ಟವಾಗಿ ಬರೆದಿರಲೇಬೇಕು. ಪ್ರಕಟಣೆ ಕೇವಲ ವಿದ್ಯುನ್ಮಾನ ರೂಪದಲ್ಲಿದ್ದರೆ ಪ್ರಾಣಿನಾಮಗಳ ಅಧಿಕೃತ ದಾಖಲೆಯಾದ ಜೂಬ್ಯಾಂಕ್‌ನಲ್ಲಿ ನೋಂದಣಿಯೂ ಕಡ್ಡಾಯ. ಭಾರತದಲ್ಲಿ 2002ರ ಜೈವಿಕ ವೈವಿಧ್ಯ ಕಾಯ್ದೆಯಂತೆ ಹೊಸ ಪ್ರಭೇದದ ಮಾದರಿಯನ್ನು ಗೊತ್ತುಪಡಿಸಿದ ಭಂಡಾರಕ್ಕೆ ಒಪ್ಪಿಸಬೇಕು. ಕೋಲ್ಕತ್ತದ ಭಾರತೀಯ ಪ್ರಾಣಿ ಸರ್ವೇಕ್ಷಣೆ ಅಂಥದ್ದೊಂದು. ಹೋಲೋಟೈಪಿನ ಸೂಜಿಗೆ ಕೆಂಪು ಚೀಟಿ ಹಾಕಿ, ಬಿಡಿಸಿದ ಜನನಾಂಗವನ್ನು ಗ್ಲಿಸರಿನ್ ತುಂಬಿದ ಪುಟ್ಟ ಸೀಸೆಯಲ್ಲಿಟ್ಟು ಅದೇ ಸೂಜಿಗೆ ಚುಚ್ಚಿ ಕಳಿಸಿ.